ಗಂಗೆಯ ಆಚೆಯ ದಂಡೆ, ಬಿಳಿಯ ಹೊದಿಕೆಯ ರಿಕಾರ್ಡು

ಹೃಷೀಕವೆಂದರೆ ಇಂದ್ರಿಯ. ಇಂದ್ರಿಯಗಳಿಗೆ ಒಡೆಯನಾದವನು ಹೃಷೀಕೇಶ. ಬಾಯಿಬಳಕೆಯಲ್ಲಿ ಜನ ಈ ಊರನ್ನು 'ಋಷಿಕೇಶ'ವೆಂದು ಮಾಡಿಕೊಂಡಿದ್ದಾರೆ. ಋಷಿಗಳ ಜಡೆಗೂ ಊರಿನ ಹೆಸರಿಗೂ ಸಂಬಂಧ ಹುಡುಕುವ ಮಾರ್ಗದರ್ಶಕರು ಇಂದಿಗೂ ಅಲ್ಲಿ ಸಿಗುತ್ತಾರೆ. ಅವರ ಹೊಟ್ಟೆಪಾಡಿಗೆ ನಾವೇಕೆ ಅಡ್ಡಬರಬೇಕು? ಹಿಮಾಲಯದ ತೊಡೆಯಿಂದಿಳಿದು ಬಯಲನ್ನು ಸೇರುವ ಮೊದಲು ಗಂಗೆ ಬೆಟ್ಟಗಳ ನಡುವೆ ಹರಿಯುವ ಕೊನೆಯ ಎಡೆ ಇದು. ನಮ್ಮ ನಾಡಿನಿಂದ ಕೇದಾರಯಾತ್ರೆಗೆ ಹೊರಡುವ ಭಕ್ತರಿಗೆ ಈ ಊರು ಹೊಸದಲ್ಲ. ಕೇದಾರನಾಥನ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಮನೆತನಗಳಿಂದಲೇ ಬರುತ್ತಿರುವುದರಿಂದ ಆ ದಾರಿ ನಮ್ಮವರ ಕಾಲಿಗೆ ಬಹುಕಾಲದಿಂದ ಪರಿಚಿತವಾದದ್ದು. 2024ರ ಅಕ್ಟೋಬರಿನಲ್ಲಿ ನಾವೂ ಕೇದಾರದಿಂದ ಇಳಿದು, ಅಲಕನಂದಾ ಭಾಗೀರಥಿಯರು ಕೂಡಿ ಗಂಗೆಯೆಂಬ ಹೆಸರು ತಾಳುವ ದೇವಪ್ರಯಾಗದಲ್ಲಿ ಮಿಂದು, ಹೃಷೀಕೇಶಕ್ಕೆ ಬಂದು ಎರಡು ದಿನ ತಂಗಿದ್ದೆವು. ಕೇದಾರದ ದರ್ಶನಭಾಗ್ಯವನ್ನು ಕುರಿತು ಅನೇಕರು ಬರೆದಿದ್ದಾರೆ. ಯಾತ್ರಿಕರು ಸಾಮಾನ್ಯವಾಗಿ ಕಾಲಿಡದ ಬೇರೊಂದು ಎಡೆಯ ವಿಚಾರವನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಊರಿರುವುದು ನದಿಯ ಬಲದಂಡೆಯಲ್ಲಿ. ಎಡದಂಡೆಯಲ್ಲಿ ಸ್ವರ್ಗಾಶ್ರಮ, ಗೀತಾಭವನ ಮೊದಲಾದ ಧರ್ಮಸಂಸ್ಥೆಗಳಿವೆ. 2020ರಲ್ಲಿ ತೆರೆದ ಜಾನಕೀಸೇತು ಎಂಬ ಹೊಸ ತೂಗುಸೇತುವೆಯನ್ನು ದಾಟಿ, ದಂಡೆಯ ಗುಂಟ ಸ್ವಲ್ಪ ದೂರ ನಡೆದರೆ ಅಂಗಡಿಗಳು ಮುಗಿಯುತ್ತವೆ, ಘಂಟಾನಾದ ಹಿಂದುಳಿಯುತ್ತದೆ, ಕಾಡು ಮೊದಲಾಗುತ್ತದೆ. ಅರಣ್ಯ ಇಲಾಖೆಯ ಬಾಗಿಲಲ್ಲಿ ಹಣ ತೆತ್ತು ಚೀಟಿ ಪಡೆದು ಏರುದಾರಿ ಹತ್ತಬೇಕು. ಈ ನೆಲಕ್ಕೆ 'ಚೌರಾಸಿ ಕುಟಿಯಾ' ಎಂದು ಹೆಸರು. ಎಂಬತ್ತನಾಲ್ಕು ಕುಟೀರಗಳು ಎಂದರ್ಥ. ಮಹರ್ಷಿ ಮಹೇಶಯೋಗಿಗಳು 1961ರಲ್ಲಿ ಅಂದಿನ ಉತ್ತರಪ್ರದೇಶ ಸರಕಾರದ ಅರಣ್ಯ ಇಲಾಖೆಯಿಂದ ಸುಮಾರು ಹದಿನಾಲ್ಕು ಎಕರೆ ಭೂಮಿಯನ್ನು ಗೇಣಿಗೆ ಪಡೆದು ಇಲ್ಲಿ ಧ್ಯಾನಶಿಕ್ಷಣದ ಆಶ್ರಮ ಕಟ್ಟಿದರು. ಗೇಣಿಯ ಅವಧಿ 1981ರಲ್ಲಿ ತೀರಿತು. ಕಾಲಾಂತರದಲ್ಲಿ ಆಶ್ರಮವಾಸಿಗಳೆಲ್ಲ ಹೊರಟುಹೋದರು. ಬೇರು ಗೋಡೆಯೊಳಕ್ಕೆ ಇಳಿಯಿತು, ಬಳ್ಳಿ ಮಾಳಿಗೆಗೇರಿತು. 2015ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಈ ಹಾಳುಬಿದ್ದ ಆಶ್ರಮವನ್ನು ನೋಡುಗರಿಗಾಗಿ ತೆರೆಯಿತು.

ದಾರಿಯ ಮೊದಲಲ್ಲಿಯೇ ನದಿಯ ಉರುಟುಗಲ್ಲುಗಳಿಂದ ಕಟ್ಟಿದ, ಜೇನುಗೂಡನ್ನು ಬೋರಲು ಹಾಕಿದಂತಿರುವ ಗುಡಿಸಲುಗಳ ಸಾಲು. ಒಳಗೆ ಒಬ್ಬ ಕುಳಿತು ಧ್ಯಾನಿಸಲು ಬೇಕಾದಷ್ಟೇ ಜಾಗ. ಆ ಲೋಕಪ್ರಸಿದ್ಧ ಹಾಡುಗಾರರು ಇವುಗಳಲ್ಲಿಯೇ ಕುಳಿತು ಹಾಡು ಕಟ್ಟಿದರೆಂದು ಒಬ್ಬ ತರುಣ ತನ್ನ ಹೆಂಡತಿಗೆ ವಿವರಿಸುತ್ತಿದ್ದ. ಈ ಕಲ್ಲುಕುಟಿಗಳನ್ನು ಕಟ್ಟಿದ್ದು ಅವರು ಬಂದುಹೋದ ಮೇಲೆ, ಎಪ್ಪತ್ತರ ದಶಕದಲ್ಲಿ. ಅವರು ಇಳಿದುಕೊಂಡಿದ್ದದ್ದು ಮೇಲಿನ ಸಾಲುಕೋಣೆಗಳಲ್ಲಿ.

ಆ ಹಾಡುಗಾರರ ಪರಿಚಯವನ್ನು ಹಿರಿಯ ವಾಚಕರಿಗಾಗಿ ನಾಲ್ಕು ಮಾತಿನಲ್ಲಿ ಹೇಳಬೇಕು. ಜಾನ್ ಲೆನನ್, ಪಾಲ್ ಮ್ಯಾಕ್‌ಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ಈ ನಾಲ್ವರು ಇಂಗ್ಲೆಂಡಿನ ಬಂದರು ಪಟ್ಟಣವಾದ ಲಿವರ್‌ಪೂಲಿನವರು. 'ಬೀಟಲ್ಸ್' ಎಂಬ ಹೆಸರಿನಲ್ಲಿ ಹಾಡುತ್ತ, ಮೂವತ್ತು ತುಂಬುವ ಮೊದಲೇ ಲೋಕದಲ್ಲಿ ಯಾರಿಗೂ ಸಿಗದಷ್ಟು ಹಣವನ್ನೂ ಕೀರ್ತಿಯನ್ನೂ ಕಂಡವರು. ಎಲ್ಲವೂ ದೊರೆತ ಮೇಲೆ ಏನು ಎಂಬ ಪ್ರಶ್ನೆ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಬಂದಿತು. ಜಾರ್ಜ್ ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿಯಲು ತೊಡಗಿದ್ದ. 1967ರ ಆಗಸ್ಟಿನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಮಹರ್ಷಿಗಳ ಉಪನ್ಯಾಸವನ್ನು ಕೇಳಿ, ಅವರ ಹಿಂದೆಯೇ ವೇಲ್ಸ್ ಪ್ರಾಂತದ ಬ್ಯಾಂಗರ್ ಊರಿಗೆ ಶಿಬಿರಕ್ಕೆ ಹೋದರು. ಅವರು ಅಲ್ಲಿರುವಾಗಲೇ ಆಗಸ್ಟ್ 27ರಂದು, ಅವರ ವ್ಯವಹಾರವನ್ನೆಲ್ಲ ಹೆತ್ತತಂದೆಯಂತೆ ನೋಡಿಕೊಳ್ಳುತ್ತಿದ್ದ ಬ್ರಿಯಾನ್ ಎಪ್‌ಸ್ಟೀನ್ ತೀರಿಕೊಂಡ ಸುದ್ದಿ ಬಂತು. ತಂದೆಯಂಥವನು ಹೋದ ದುಃಖದಲ್ಲಿಯೇ ಅವರು ಗುರುವನ್ನು ಹಿಡಿದರೆಂಬುದನ್ನು ಮರೆಯಬಾರದು. ಮುಂದೆ ನಡೆದುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಎಣಿಕೆ.

1968ರ ಫೆಬ್ರುವರಿ ನಡುವಿನಲ್ಲಿ ಜಾನ್ ಮತ್ತು ಜಾರ್ಜ್ ತಮ್ಮ ಪತ್ನಿಯರೊಡನೆ ಇಲ್ಲಿಗೆ ಬಂದರು. ಕೆಲವೇ ದಿನಗಳಲ್ಲಿ ಪಾಲ್ ಮತ್ತು ರಿಂಗೋ ಬಂದು ಸೇರಿದರು. ಶಾಕಾಹಾರ, ದೀರ್ಘಧ್ಯಾನ, ಮಹರ್ಷಿಗಳ ಪ್ರವಚನ, ಇವಿಷ್ಟೇ ದಿನಚರಿ. ರಿಂಗೋ ಚಿಕ್ಕಂದಿನಲ್ಲಿ ಹೊಟ್ಟೆಯ ಘೋರ ಕಾಯಿಲೆಯಿಂದ ಬದುಕುಳಿದವನು. ಖಾರಮಸಾಲೆ ಒಗ್ಗದೆಂದು ಬೇಯಿಸಿದ ಕಾಳಿನ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದಿದ್ದ. ಕಾಳು ತೀರಿತೋ, ನೊಣಗಳ ಕಾಟ ಹೆಚ್ಚಿತೋ, ಸುಮಾರು ಹತ್ತು ದಿನಗಳಲ್ಲಿ ಊರ ದಾರಿ ಹಿಡಿದ. ಪಾಲ್ ಮಾರ್ಚ್ ಕೊನೆಯ ಹೊತ್ತಿಗೆ ಹೋದ. ಜಾನ್ ಮತ್ತು ಜಾರ್ಜ್ ಏಪ್ರಿಲ್ 12ರವರೆಗೆ ಉಳಿದರು. ಅಷ್ಟರಲ್ಲಿ ಹಾಡುಗಳ ಸುಗ್ಗಿಯೇ ಆಗಿಹೋಗಿತ್ತು. ಅದೇ ವರ್ಷದ ನವೆಂಬರ್ 22ರಂದು ಹೊರಬಂದ, ಎರಡು ರಿಕಾರ್ಡುಗಳ, ಮೂವತ್ತು ಹಾಡುಗಳ ಸಂಪುಟದಲ್ಲಿ ಹೆಚ್ಚಿನವು ಈ ಗುಡ್ಡದ ಮೇಲೆ ಹುಟ್ಟಿದವು. ಸಂಪುಟದ ಹೆಸರು 'ದ ಬೀಟಲ್ಸ್' ಎಂದಷ್ಟೇ. ರಿಚರ್ಡ್ ಹ್ಯಾಮಿಲ್ಟನ್ ಎಂಬ ಕಲಾವಿದ ಅದಕ್ಕೆ ರೂಪಿಸಿದ ಹೊದಿಕೆ ಅಚ್ಚಬಿಳುಪು. ಅಕ್ಷರಗಳೂ ಬಣ್ಣವಿಲ್ಲದೆ ಉಬ್ಬಿ ನಿಂತಿದ್ದವು. ಮೊದಲ ಅಚ್ಚಿನ ಪ್ರತಿಗಳ ಮೇಲೆ ಒಂದೊಂದಕ್ಕೆ ಒಂದೊಂದು ಕ್ರಮಸಂಖ್ಯೆ. ಜನ ಅದನ್ನು 'ವೈಟ್ ಆಲ್ಬಮ್' ಎಂದು ಕರೆಯಲಾರಂಭಿಸಿದರು, ಆ ಹೆಸರೇ ನಿಂತಿತು.

ಮಠದ ನೆರಳಿನಲ್ಲಿ ಓದಿದವರಿಗೆ ಈ ಹಾಡುಗಳ ನಂಟು ಎಲ್ಲಿಯದೆಂದು ವಾಚಕರು ಕೇಳಬಹುದು. 1979ರಲ್ಲಿ ನಾವು ಧಾರವಾಡದ ಒಂದು ಉಚಿತ ಪ್ರಸಾದನಿಲಯದಲ್ಲಿದ್ದು ಸಂಸ್ಕೃತ ಓದುತ್ತಿದ್ದೆವು. ಮಾಳಮಡ್ಡಿಯಲ್ಲಿ ಇಂಗ್ಲಿಷ್ ಅಧ್ಯಾಪಕರೊಬ್ಬರ ಮನೆ. ಅವರ ಇಬ್ಬರು ಮಕ್ಕಳಿಗೆ ರವಿವಾರದಂದು ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸುವ ಕೆಲಸ ನಮಗೂ ನಮ್ಮ ಸಹಪಾಠಿಯೊಬ್ಬನಿಗೂ ದೊರೆತಿತ್ತು. ಪಾಠ ಮುಗಿದ ಮೇಲೆ ಒಂದು ಬಟ್ಟಲು ಚುರುಮುರಿ, ಒಂದು ಲೋಟ ಚಹಾ, ಆಮೇಲೆ ರಿಕಾರ್ಡು. ಅಧ್ಯಾಪಕರ ತಮ್ಮ ಇಂಗ್ಲೆಂಡಿನಿಂದ ತಂದುಕೊಟ್ಟಿದ್ದ ಆ ಬಿಳಿಯ ಹೊದಿಕೆಯನ್ನು ಅವರು ಕೈಯೊರೆಸಿಕೊಳ್ಳದೆ ಮುಟ್ಟಗೊಡುತ್ತಿರಲಿಲ್ಲ. ಗೆಳೆಯ ಪ್ರತಿಸಲವೂ ಕ್ರಮಸಂಖ್ಯೆಯ ಮೇಲೆ ಬೆರಳಾಡಿಸಿ, ಮುಂದಿನ ಸಂಖ್ಯೆಯ ಪ್ರತಿ ಯಾವ ದೇಶದಲ್ಲಿ ಯಾರ ಮನೆಯಲ್ಲಿದ್ದೀತೆಂದು ಕೇಳುತ್ತಿದ್ದ. ನಿಲಯದಲ್ಲಿ ಬೆಳಗಿನ ಪೂಜೆಯ ಹೊತ್ತಿಗೆ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನಸೂರರ, ಬಸವರಾಜ ರಾಜಗುರುಗಳ ವಚನಗಾಯನ. ಸಂಜೆ ಮಾಳಮಡ್ಡಿಯಲ್ಲಿ ಇದು. ಒಂದೇ ಕಿವಿಯಲ್ಲಿ ಎರಡೂ ಹೇಗೆ ಹಿಡಿದವೆಂದರೆ, ಎರಡೂ ಹಿಡಿದವು, ಅಷ್ಟೇ. ಕಿವಿಗೆ ಮಡಿಮೈಲಿಗೆಯಿಲ್ಲ.

ಒಂದು ಹಾಡಿನ ವಿಷಯದಲ್ಲಿ ಮಾತ್ರ ಅಧ್ಯಾಪಕರು ಕಟ್ಟುನಿಟ್ಟು. 'ರೆವಲ್ಯೂಷನ್ 9' ಎಂಬುದು ಹಾಡಲ್ಲ. ತುಂಡುತುಂಡು ಧ್ವನಿಗಳನ್ನು ಹೊಲಿದು ಮಾಡಿದ ಎಂಟು ನಿಮಿಷಗಳ ಕೌದಿ. ಅದು ಬರುತ್ತಲೇ ಅವರು ಎದ್ದು ಮುಳ್ಳನ್ನು ಎತ್ತಿ ಮುಂದಕ್ಕಿಡುತ್ತಿದ್ದರು. ಧ್ವನಿಮುದ್ರಣದ ಮೇಲ್ವಿಚಾರಕರಾಗಿದ್ದ ಜಾರ್ಜ್ ಮಾರ್ಟಿನ್ನರು ಎರಡು ರಿಕಾರ್ಡು ಬೇಡ, ಒಳ್ಳೆಯವನ್ನು ಆಯ್ದು ಒಂದೇ ಮಾಡೋಣವೆಂದು ಹೇಳಿದ್ದರಂತೆ. ಹಾಡುಗಾರರು ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತೆಂದು ನಮಗೆ ತೋರುತ್ತದೆ. ಆ ಸಂಪುಟದ ಜೀವಾಳವೇ ಅದರ ಅಡ್ಡಾದಿಡ್ಡಿತನ: ಒಬ್ಬ ಅಳುತ್ತಾನೆ, ಒಬ್ಬ ನಗುತ್ತಾನೆ, ಒಬ್ಬ ಕೂಗಾಡುತ್ತಾನೆ, ಕೊನೆಗೆ ರಿಂಗೋ ಮಲಗುವ ಮಕ್ಕಳಿಗೆ ಜೋಗುಳ ಹಾಡುತ್ತಾನೆ. ನಾಲ್ಕು ಜನ ಅಣ್ಣತಮ್ಮಂದಿರು ಪಾಲಾಗುವ ಮುನ್ನ ಒಂದೇ ಪಡಸಾಲೆಯಲ್ಲಿ ಕುಳಿತ ಹಾಗೆ. ನಿಜವಾಗಿಯೂ ಪಾಲಾಗುವ ಲಕ್ಷಣಗಳು ಆಗಲೇ ಇದ್ದವು. 1968ರ ಆಗಸ್ಟಿನಲ್ಲಿ ರಿಂಗೋ ಮುನಿಸಿಕೊಂಡು ಸುಮಾರು ಎರಡು ವಾರ ಹೊರಗೆ ಹೋಗಿದ್ದ. ಆ ಅವಧಿಯ ಎರಡು ಹಾಡುಗಳಲ್ಲಿ ಡ್ರಮ್ ಬಾರಿಸಿದವನು ಪಾಲ್.

ಏರು ಮುಗಿದ ಮೇಲೆ ಬಯಲಾದ ಜಾಗ. ಎಡಕ್ಕೆ ಬಲಕ್ಕೆ ಮಾಡಿಲ್ಲದ, ಕಿಟಕಿಯಿಲ್ಲದ ಕಟ್ಟಡಗಳು. ಒಂದು ಹಳೆಯ ಸಭಾಂಗಣದ ಗೋಡೆಗಳ ಮೇಲೆ ದೇಶವಿದೇಶಗಳ ಚಿತ್ರಕಾರರು ಆ ನಾಲ್ವರ ಮುಖಗಳನ್ನೂ ಮಹರ್ಷಿಗಳ ಮುಖವನ್ನೂ ದೊಡ್ಡದಾಗಿ ಬರೆದಿದ್ದಾರೆ. ಆನಂದಭವನವೆಂಬ ಬಹುಮಹಡಿಯ ಕಟ್ಟಡದ ಮಾಳಿಗೆಯ ಮೇಲೆ ಮೊಟ್ಟೆಯಾಕಾರದ ನೀರಿನ ತೊಟ್ಟಿಗಳು. ಮಹರ್ಷಿಗಳು ವಾಸವಾಗಿದ್ದ ಮನೆ ಗಂಗೆಯ ಕಡೆಗೆ ಮುಖಮಾಡಿದ ದಿಬ್ಬದ ಅಂಚಿನಲ್ಲಿದೆ. ಚಾವಣಿ ಇದೆ, ನೆಲದಲ್ಲಿ ಎಲೆ ತುಂಬಿದೆ. ಅಲ್ಲಿ ನಿಂತರೆ ಕೆಳಗೆ ನದಿಯ ಮೊರೆತ ಕೇಳಿಸುತ್ತದೆ, ನದಿ ಮರೆಯಾಗಿ ಮರೆಯಾಗಿ ಕಾಣುತ್ತದೆ. ಗಿಡದಿಂದ ಗಿಡಕ್ಕೆ ಹಾರುವ ಮುಸುವಗಳ ಹೊರತು ಸದ್ದು ಮಾಡುವವರು ಯಾರೂ ಇಲ್ಲ.

"ಅಪ್ಪಾ, ಇಲ್ಲೆ ಕೂಡ್ರಿ. ಇಲ್ಲೇ ಕೇಳ್ರಿ," ಎಂದು ಜೊತೆಗಿದ್ದ ಮಗಳು ಕಟ್ಟೆಯೊಂದನ್ನು ಗುಡಿಸಿ ತನ್ನ ಫೋನಿನ ತಂತಿಯನ್ನು ನಮ್ಮ ಕಿವಿಗಿಟ್ಟಳು. ನಲವತ್ತೈದು ವರ್ಷಗಳ ಮೇಲೆ ಆ ಸಂಪುಟವನ್ನು ಆದ್ಯಂತವಾಗಿ ನಾವು ಕೇಳಿದ್ದು ಹೀಗೆ, ಅದು ಹುಟ್ಟಿದ ನೆಲದಲ್ಲಿ ಕುಳಿತು. ಸುಮಾರು ಒಂದೂವರೆ ಗಂಟೆಯ ಕೆಲಸ. ಮಗಳು ಅಷ್ಟು ಹೊತ್ತು ಬುತ್ತಿಯ ಚಪಾತಿಯನ್ನು ಮುಸುವಗಳಿಂದ ಕಾಯುತ್ತ ಕುಳಿತಿದ್ದಳು.

ಇಲ್ಲಿ ಕೇಳಿದಾಗ ಮೊದಲು ಹೊಳೆದದ್ದು ಈ ಹಾಡುಗಳ ಮೈಕಟ್ಟು. ಇಲ್ಲಿಗೆ ಬಂದಾಗ ಅವರ ಬಳಿ ವಿದ್ಯುತ್ತಿನ ವಾದ್ಯಗಳಿರಲಿಲ್ಲ. ಬರಿಯ ಮರದ ಗಿಟಾರುಗಳು. ಜೊತೆಗೆ ಬಂದಿದ್ದ ಸ್ಕಾಟ್ಲೆಂಡಿನ ಹಾಡುಗಾರ ಡಾನೊವನ್, ತಂತಿಗಳನ್ನು ಒಟ್ಟಾಗಿ ಮೀಟದೆ ಒಂದೊಂದನ್ನೂ ಬೆರಳಿನಿಂದ ಬಿಡಿಸುವ ಕ್ರಮವನ್ನು ಜಾನ್‌ಗೆ ಕಲಿಸಿದ. 'ಡಿಯರ್ ಪ್ರುಡೆನ್ಸ್' ಎಂಬ ಹಾಡಿನಲ್ಲಿ ಆ ಬೆರಳುಗಳನ್ನು ಸ್ಪಷ್ಟವಾಗಿ ಕೇಳಬಹುದು. ಮೇಲಿನ ತಂತಿಗಳು ಒಂದೇ ಸ್ವರಸಮೂಹವನ್ನು ಹಿಡಿದು ತಂಬೂರಿಯಂತೆ ನಿಂತಿರುತ್ತವೆ. ಕೆಳಗಿನ ಸ್ವರವೊಂದು ಮಾತ್ರ ಘಟ್ಟದ ಮೆಟ್ಟಿಲಿಳಿದಂತೆ ಒಂದೊಂದೇ ಹೆಜ್ಜೆ ಇಳಿಯುತ್ತದೆ. ನಟಿ ಮಿಯಾ ಫ್ಯಾರೋ ಅವರ ತಂಗಿ ಪ್ರುಡೆನ್ಸ್ ಧ್ಯಾನದ ಭರದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬರುವುದನ್ನೇ ಬಿಟ್ಟಳು. ಅವಳ ಮನಸ್ಸಿನ ಸ್ವಾಸ್ಥ್ಯಕ್ಕೆ ಅಂಜಿ, ಜಾನ್ ಮತ್ತು ಜಾರ್ಜ್ ಅವಳನ್ನು ಹೊರಗೆ ಕರೆತರುವ ಯತ್ನ ಮಾಡಿದರು. ಅದೇ ಹಾಡಾಯಿತು. ಧ್ಯಾನಕ್ಕೂ ಒಂದು ಹದವಿದೆ, ಹದವರಿತ ಗುರು ಬಳಿಯಲ್ಲಿರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಆ ಕೋಣೆಗಳ ಸಾಲನ್ನು ನೋಡುವಾಗ ನೆನಪಾಯಿತು.

'ಜೂಲಿಯಾ' ಇನ್ನೂ ಮೆತ್ತಗಿನ ಹಾಡು. ಜಾನ್‌ನ ತಾಯಿಯ ಹೆಸರದು. ಹದಿನೇಳನೆಯ ವಯಸ್ಸಿನಲ್ಲಿ, 1958ರ ಜುಲೈ 15ರಂದು, ಅವನು ತಾಯಿಯನ್ನು ರಸ್ತೆಯ ಅಪಘಾತದಲ್ಲಿ ಕಳೆದುಕೊಂಡ. ಹತ್ತು ವರ್ಷ ಅದರ ಮೇಲೆ ಗದ್ದಲವನ್ನು ಹೊದಿಸಿ ಬದುಕಿದವನು, ಗದ್ದಲವಿಲ್ಲದ ಈ ಗುಡ್ಡಕ್ಕೆ ಬಂದಾಗ ತಾಯಿ ಮೇಲೆ ಬಂದಳು. ಬೀಟಲ್ಸ್ ಹೆಸರಿನಲ್ಲಿ ಬಂದ ಹಾಡುಗಳಲ್ಲಿ ಜಾನ್ ಒಬ್ಬನೇ ಹಾಡಿ ಒಬ್ಬನೇ ನುಡಿಸಿದ್ದು ಇದೊಂದೇ. ಧ್ಯಾನದ ಫಲವೇನೆಂದು ಯಾರಾದರೂ ಕೇಳಿದರೆ ಈ ಹಾಡನ್ನು ತೋರಿಸಬಹುದೆಂದು ನಮಗನಿಸಿತು. ಅದು ಶಾಂತಿಯ ಹಾಡಲ್ಲ. ಮೌನದಲ್ಲಿ ಮೊದಲು ಸಿಗುವುದು ಶಾಂತಿಯಲ್ಲ, ನಾವು ಹೂತಿಟ್ಟದ್ದು.

ಲಘುವಾದವೂ ಇವೆ. ಅಮೆರಿಕದ ತರುಣನೊಬ್ಬ ಆಶ್ರಮದಲ್ಲಿದ್ದ ತಾಯಿಯನ್ನು ನೋಡಲು ಬಂದು, ಆನೆಯೇರಿ ಕಾಡಿಗೆ ಹೋಗಿ ಹುಲಿಯನ್ನು ಹೊಡೆದು, ತಿರುಗಿ ಬಂದು ಧ್ಯಾನಕ್ಕೆ ಕುಳಿತನಂತೆ. ಜಾನ್ ಅವನನ್ನು 'ಬಂಗಲೋ ಬಿಲ್' ಎಂಬ ಹಾಡಿನಲ್ಲಿ ಚೆನ್ನಾಗಿ ಚುಚ್ಚಿದ್ದಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತು ಇದು. ಇಂದು ಈ ಆಶ್ರಮದ ನೆಲ 2015ರಲ್ಲಿ ಘೋಷಿತವಾದ ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದ ಸೆರಗಿನಲ್ಲಿದೆ. ಹೊಡೆದವನ ಹಾಡು ಉಳಿಯಿತು, ಆಶ್ರಮ ಹೋಯಿತು, ಕಾಡು ಹುಲಿಗೇ ಸಂದಿತು.

ಮಹರ್ಷಿಗಳ ಒಂದು ಪ್ರವಚನ ನಿಸರ್ಗವನ್ನು ಕುರಿತದ್ದಾಗಿತ್ತು. ಅದನ್ನು ಕೇಳಿ ಪಾಲ್ ಒಂದು ಹಾಡು ಕಟ್ಟಿದ, ಜಾನ್ ಒಂದು ಕಟ್ಟಿದ. ಪಾಲ್‌ನದು 'ಮದರ್ ನೇಚರ್ಸ್ ಸನ್' ಎಂದು ಸಂಪುಟದಲ್ಲಿ ಸೇರಿತು. ಜಾನ್‌ನದು ಹೊರಗುಳಿದು, ಅದೇ ಧಾಟಿಗೆ ಬೇರೆ ಮಾತು ಕೂಡಿಸಿ 1971ರಲ್ಲಿ 'ಜೆಲಸ್ ಗೈ' ಎಂಬ ಹೆಸರಿನಿಂದ ಹೊರಬಂತು. ಇಲ್ಲಿಂದ ಊರಿಗೆ ಮರಳಿದ ಮೇಲೆ, 1968ರ ಮೇ ಕೊನೆಯಲ್ಲಿ, ಜಾರ್ಜ್‌ನ ಮನೆಯಲ್ಲಿ ಗೆಳೆಯರು ಕೂಡಿ ಈ ಹಾಡುಗಳನ್ನು ಬರಿಯ ಗಿಟಾರಿನ ಮೇಲೆ ಟೇಪಿಗೆ ಹಿಡಿದಿಟ್ಟಿದ್ದರು. ಆ ಇಪ್ಪತ್ತೇಳು ಹಾಡುಗಳ ಟೇಪು ಸಂಪುಟದ ಐವತ್ತನೆಯ ವರ್ಷದ ನಿಮಿತ್ತ 2018ರಲ್ಲಿ ಪ್ರಕಟವಾಗಿದೆ. ಮಗಳು ಅದನ್ನೂ ಕೇಳಿಸಿದಳು. ನಮಗೆ ಅದು ಮೂಲಕ್ಕಿಂತಲೂ ಹೆಚ್ಚು ಹಿಡಿಸಿತು. ಗುಡ್ಡದ ಗಾಳಿ ಇನ್ನೂ ಆ ದನಿಗಳಲ್ಲಿ ಉಳಿದಿದೆ.

ಇನ್ನು ಗುರುವಿನ ಪ್ರಸಂಗ. ಇದನ್ನು ಬರೆಯದೆ ಬಿಡುವಂತಿಲ್ಲ.

ಒಂದು ದಿನ ಆಶ್ರಮಕ್ಕೆ ಹೆಲಿಕಾಪ್ಟರ್ ಬಂದಿತ್ತು. ಮಹರ್ಷಿಗಳೊಡನೆ ಹಾರಲು ಒಬ್ಬರಿಗೆ ಮಾತ್ರ ಜಾಗ. ಜಾನ್ ಜಿಗಿದು ನಿಂತ, ಅವನೇ ಹೋದ. ಅಷ್ಟೇಕೆ ಆತುರಪಟ್ಟೆಯೆಂದು ಪಾಲ್ ಆಮೇಲೆ ಕೇಳಿದ್ದಕ್ಕೆ, ಮೇಲೆ ಒಬ್ಬನೇ ಸಿಕ್ಕಾಗ ಗುರುಗಳು ಉತ್ತರವನ್ನು ಮೆಲ್ಲನೆ ಕೈಗಿಟ್ಟಾರೆಂದು ಅನ್ನಿಸಿತ್ತು ಎಂದನಂತೆ. ಇದನ್ನು ಓದಿ ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ಗುರುಮನೆಯಲ್ಲಿ ಬೆಳೆದ ಯಾವ ಹುಡುಗ ಹಾಗೆ ಆಸೆಪಟ್ಟಿಲ್ಲ? ಎಲ್ಲರಿಗೂ ಹೇಳುವುದು ಒಂದು, ನನ್ನೊಬ್ಬನಿಗೆ ಹೇಳಬೇಕಾದದ್ದು ಬೇರೊಂದು, ಅದನ್ನು ಎಂದೋ ಕರೆದು ಕಿವಿಯಲ್ಲಿ ಹೇಳುತ್ತಾರೆ ಎಂದು ಕಾಯುವುದು.

ಏಪ್ರಿಲಿನಲ್ಲಿ ಮಹರ್ಷಿಗಳ ನಡತೆಯನ್ನು ಕುರಿತು ಒಂದು ಅಪವಾದ ಹುಟ್ಟಿತು. ಅದನ್ನು ಊದಿ ದೊಡ್ಡದು ಮಾಡಿದವನು ಜಾನ್‌ನ ಬಳಗದಲ್ಲಿದ್ದ ಅಲೆಕ್ಸಿಸ್ ಮಾರ್ಡಾಸ್. ಅದಕ್ಕೆ ಪ್ರಮಾಣ ಎಂದೂ ದೊರೆಯಲಿಲ್ಲ. ಅಲ್ಲಿಯೇ ಇದ್ದ ಜಾನ್‌ನ ಪತ್ನಿ ಸಿಂಥಿಯಾ ಅದನ್ನು ನಂಬಲಿಲ್ಲ. ಜಾನ್ ನಂಬಿದ. ಬೆಳಗಾದೊಡನೆ ಹೊರಟು ನಿಂತ. ಏಕೆ ಹೋಗುತ್ತೀರೆಂದು ಮಹರ್ಷಿಗಳು ಕೇಳಿದಾಗ, ನೀವು ಅಷ್ಟೊಂದು ಬಲ್ಲವರಾದರೆ ಅದೂ ಗೊತ್ತಿರಬೇಕು ಎಂಬರ್ಥದ ಉತ್ತರ ಕೊಟ್ಟನಂತೆ. ಹೋಗುವ ಹೊತ್ತಿಗೆ ಒಂದು ಹಾಡು ಹುಟ್ಟಿತು. ಅದರಲ್ಲಿ ಮಹರ್ಷಿಗಳ ಹೆಸರೇ ಇತ್ತು. ಜಾರ್ಜ್ ಒಪ್ಪದ ಕಾರಣ ಹೆಸರನ್ನು ತೆಗೆದು ಸೇಡಿ ಎಂಬ ಹೆಣ್ಣಿನ ಹೆಸರನ್ನಿಟ್ಟರು. ಎಲ್ಲರನ್ನೂ ನಂಬಿಸಿ ಕೈಬಿಟ್ಟವಳ ಮೇಲಿನ ದೂರಿನಂತೆ ಅದು ಇಂದಿಗೂ ಕೇಳಿಸುತ್ತದೆ.

ಮಾಳಮಡ್ಡಿಯ ಮನೆಯಲ್ಲಿ ನಮ್ಮ ಗೆಳೆಯನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಹಾಡು. ಅಧ್ಯಾಪಕರು ಅದರ ಹಿನ್ನೆಲೆಯನ್ನು ಹೇಳಿದ ದಿನ ಅವನು ಎರಡು ಸಲ ಹಾಕಿಸಿ ಕೇಳಿದ. 1980ರ ಬೇಸಗೆಯಲ್ಲಿ ನಮ್ಮ ನಿಲಯದ ಹಿರಿಯರೊಬ್ಬರನ್ನು ಕುರಿತು, ನಮಗಿಬ್ಬರಿಗೂ ಅಕ್ಷರ ತಿದ್ದಿಸಿದಷ್ಟು ಅಕ್ಕರೆಯಿಂದ ಶಾಸ್ತ್ರ ಹೇಳಿಕೊಟ್ಟವರನ್ನು ಕುರಿತು, ಒಂದು ಮಾತು ಎದ್ದಿತು. ದಾಸೋಹಕ್ಕೆ ಬಂದ ಜೋಳದ ಲೆಕ್ಕ ಸರಿಯಿಲ್ಲವೆಂಬ ಮಾತು. ಯಾರು ಮೊದಲು ಅಂದರೋ ತಿಳಿಯದು. ಮೂರು ದಿನ ನಿಲಯದಲ್ಲಿ ಪಿಸುಮಾತು. ನಾಲ್ಕನೆಯ ದಿನ ನಸುಕಿನಲ್ಲಿ ಗೆಳೆಯ ತನ್ನ ಟ್ರಂಕನ್ನು ಹೆಗಲಿಗೇರಿಸಿದ. ಹಿರಿಯರು ಬಾವಿಕಟ್ಟೆಯ ಬಳಿ ಪತ್ರೆ ತೊಳೆಯುತ್ತಿದ್ದರು. ಅವರ ಮುಂದೆಯೇ ಹಾದು, ನಮಸ್ಕರಿಸದೆ, ಆ ಸೇಡಿಯ ಹಾಡಿನ ಧಾಟಿಯನ್ನು ಮೂಗಿನಲ್ಲಿ ಗುನುಗುತ್ತ ಬಾಗಿಲು ದಾಟಿದ. ಅವರು ತಲೆಯೆತ್ತಿ ನೋಡಿದರು, ಕರೆಯಲಿಲ್ಲ. ಆ ಧಾಟಿಯ ಅರ್ಥ ಅವರಿಗೆ ತಿಳಿಯುವಂತಿರಲಿಲ್ಲ. ಅದೇ ವರ್ಷದ ಡಿಸೆಂಬರ್ 8ರಂದು ಜಾನ್ ಲೆನನ್ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದ ಸುದ್ದಿ ಬಂದಾಗ, ಅದನ್ನು ಹಂಚಿಕೊಳ್ಳಲು ನಮಗೆ ಆ ಗೆಳೆಯನಿರಲಿಲ್ಲ.

ಲೆಕ್ಕವನ್ನು ಯಾರೂ ಕೇಳಲಿಲ್ಲ; ಅವರೂ ಹೇಳಲಿಲ್ಲ. ನಾವು ಅಲ್ಲಿಯೇ ಉಳಿದು ಓದು ಮುಗಿಸಿದೆವು. 1994ರಲ್ಲಿ ಅವರು ಲಿಂಗೈಕ್ಯರಾದರು. ಅಲ್ಲಿಯವರೆಗೆ ಪ್ರತಿ ಶ್ರಾವಣದಲ್ಲಿ ದರ್ಶನಕ್ಕೆ ಹೋದಾಗಲೆಲ್ಲ ಅವರು ತಪ್ಪದೆ ಕೇಳುತ್ತಿದ್ದದ್ದು ಒಂದೇ ಮಾತು: "ಅಂವಾ ಹೆಂಗದಾನ?" ಗೆಳೆಯ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿಯಿಟ್ಟು ಚೆನ್ನಾಗಿದ್ದಾನೆಂದು ಹೇಳುತ್ತಿದ್ದೆವು. ತಲೆಯಾಡಿಸುತ್ತಿದ್ದರು. ಗೆಳೆಯನನ್ನು ಮದುವೆ ಮುಂಜಿಗಳಲ್ಲಿ ಕಂಡಾಗ ಮಳೆ ಬೆಳೆ ಮಕ್ಕಳ ಮಾತು ಬರುತ್ತಿತ್ತು, ಇದು ಬರುತ್ತಿರಲಿಲ್ಲ.

ಬೀಟಲ್ಸರ ಕಥೆ ಏಪ್ರಿಲ್ 12ಕ್ಕೆ ಮುಗಿಯಲಿಲ್ಲ. ಜಾನ್ ತಿರುಗಿ ನೋಡದೆ ಹೋದವನು. ಅವನಿಗೆ ದೊರೆತದ್ದು ನಲವತ್ತೇ ವರ್ಷಗಳ ಬಾಳು. ಜಾರ್ಜ್ 1992ರ ಏಪ್ರಿಲ್ 6ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಮಹರ್ಷಿಗಳ ಅನುಯಾಯಿಗಳು ಕಟ್ಟಿದ ಪಕ್ಷದ ಸಹಾಯಾರ್ಥ ಹಾಡಿದ. 2001ರ ನವೆಂಬರ್ 29ರಂದು ಅವನು ತೀರಿಕೊಂಡ. ಮಹರ್ಷಿಗಳು 2008ರ ಫೆಬ್ರುವರಿ 5ರಂದು ನೆದರ್ಲೆಂಡ್ಸಿನಲ್ಲಿ ದೇಹಬಿಟ್ಟರು. ಮರುವರ್ಷದ ಏಪ್ರಿಲಿನಲ್ಲಿ ಪಾಲ್ ಮತ್ತು ರಿಂಗೋ, ಶಾಲೆಯ ಮಕ್ಕಳಿಗೆ ಈ ಧ್ಯಾನವನ್ನು ಕಲಿಸುವ ಕಾರ್ಯಕ್ಕೆ ಹಣ ಕೂಡಿಸಲು ನ್ಯೂಯಾರ್ಕಿನಲ್ಲಿ ಒಂದೇ ವೇದಿಕೆಯೇರಿ ಹಾಡಿದರು. ಹತ್ತೇ ದಿನಕ್ಕೆ ಪೆಟ್ಟಿಗೆ ಕಟ್ಟಿದ ರಿಂಗೋ! ಮಹರ್ಷಿಗಳು ಸಿದ್ಧಪುರುಷರೋ, ಚತುರ ವ್ಯವಹಾರಸ್ಥರೋ ಎಂಬ ವಾದವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಧ್ಯಾನವನ್ನು ಪೇಟೆಯ ಸರಕಿನಂತೆ ಮಾರಿದರೆಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಆದರೆ ಅವರ ಪ್ರವಚನದಿಂದ, ಅವರು ಹೇರಿದ ಮೌನದಿಂದ ಹುಟ್ಟಿದ ಹಾಡುಗಳು ಎದುರಿಗಿವೆ. ಅವರನ್ನು ಬೈದ ಹಾಡೂ ಅವುಗಳಲ್ಲಿ ಒಂದು.

ಸಂಪುಟದ ಹಾಡುಗಳಲ್ಲಿ ನಮಗೆ ಆಗಲೂ ಈಗಲೂ ಹತ್ತಿರವಾದದ್ದು ಜಾರ್ಜ್‌ನ 'ಲಾಂಗ್ ಲಾಂಗ್ ಲಾಂಗ್'. ಬಹುಕಾಲ ಕಳೆದುಕೊಂಡವನನ್ನು ಮರಳಿ ಕಂಡವನ ಉಸಿರುಮಾತು. ಪ್ರೇಯಸಿಗೆ ಹೇಳಿದಂತಿದೆ, ದೇವರಿಗೆ ಹೇಳಿದ್ದೆಂದು ಜಾರ್ಜನೇ ತಿಳಿಸಿದ್ದಾನೆ. ನಮ್ಮ ಸತಿಪತಿಭಾವದ ಪರಂಪರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನಿ ಎಷ್ಟು ತಗ್ಗೆಂದರೆ, ಮಾಳಮಡ್ಡಿಯ ಬೀದಿಯಲ್ಲಿ ಟಾಂಗಾ ಹೋದರೆ ಅರ್ಧ ಹಾಡು ಕೇಳಿಸುತ್ತಿರಲಿಲ್ಲ. ಕೊನೆಯಲ್ಲಿ ಒಂದು ನಡುಕದ ಸದ್ದಿದೆ. ಪಾಲ್ ಆರ್ಗನ್ನಿನ ಒಂದು ಮ��ೆಯನ್ನು ಒತ್ತಿದಾಗ, ಧ್ವನಿಪೆಟ್ಟಿಗೆಯ ಮೇಲೆ ಯಾರೋ ಇಟ್ಟಿದ್ದ ಸೀಸೆಯೊಂದು ಗಡಗಡಿಸಿತು. ಅದನ್ನು ಅಳಿಸದೆ ಹಾಡಿನಲ್ಲಿಯೇ ಉಳಿಸಿಕೊಂಡರು. ಗುಡ್ಡದ ಮೇಲೆ ಆ ಸದ್ದು ಕೇಳಿ ಮಗಳು ಬೆಚ್ಚಿ, ಫೋನು ಕೆಟ್ಟಿತೆಂದು ಭಾವಿಸಿದಳು.

ಇಳಿಬಿಸಿಲಿನ ಹೊತ್ತಿಗೆ ರಾಣೇಬೆನ್ನೂರಿಗೆ ಫೋನು ಮಾಡಿದೆವು. ಎಲ್ಲಿ ಕುಳಿತಿದ್ದೇವೆಂದು ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಅಂಗಡಿಯ ಗದ್ದಲವಷ್ಟೇ ಕೇಳಿಸಿತು.

"ಮಂಗ್ಯಾ ಅದಾವೇನೋ ಅಲ್ಲೆ?"

"ಅದಾವ. ಚಪಾತಿ ಕಾಯಾಕತ್ತೀವಿ."

ನಕ್ಕ. ಕೋಣೆಗಳು ಹೇಗಿವೆ, ನದಿ ಕಾಣುತ್ತದೆಯೇ ಎಂದು ಕೇಳಿದ. ಹೇಳಿದೆವು. ಯಾರೋ ಗಿರಾಕಿಗೆ ಗೋವಿನಜೋಳದ ಬೀಜದ ದರ ಹೇಳಿ ಕಳುಹಿಸಿದ. ಅನಂತರ ದನಿ ತಗ್ಗಿಸಿ ಕೇಳಿದ:

"ಅವರು ಎಂದರೆ ನನ್ನ ಸುದ್ದಿ ತಗೀತಿದ್ರೇನು?"

"ವರ್ಷಾ ತಗೀತಿದ್ರು. ಅಂವಾ ಹೆಂಗದಾನ ಅಂತ."

"ನೀ ಹೇಳ್ಳೇ ಇಲ್ಲಲ್ಲೋ."

"ನೀ ಕೇಳ್ಳೇ ಇಲ್ಲಲ್ಲ."

ಮತ್ತೆ ಅಂಗಡಿಯ ಗದ್ದಲ. ಮಗಳು ಸನ್ನೆಯಿಂದ, ಅವನಿಗೂ ಒಂದು ಹಾಡು ಕೇಳಿಸಲೇ ಎಂದಳು. ಅವನ ಮೆಚ್ಚಿನ ಹಾಡನ್ನು ಹಾಕಿಸೋಣವೇ ಎಂದು ನಾವು ಕೇಳಿದೆವು.

"ಅದು ಬ್ಯಾಡ," ಎಂದ. "ಜಾರ್ಜಂದು ಹಚ್ಚು. ಆ ಮೆತ್ತಂದು."

ಮಗಳು ತನ್ನ ಫೋನನ್ನು ನಮ್ಮ ಫೋನಿನ ಬಳಿ ಹಿಡಿದಳು. ಸೀಸೆಯ ಸದ್ದು ಬರುವ ಮೊದಲೇ ಕೆಳಗಿನಿಂದ ಅರಣ್ಯ ಕಾವಲುಗಾರನ ಸೀಟಿ ಕೇಳಿಸಿತು. ಸಂಜೆಯಾದ ಮೇಲೆ ಆನೆಗಳು ನೀರಿಗಿಳಿಯುವ ದಾರಿ ಇದು. ಯಾರನ್ನೂ ಒಳಗೆ ನಿಲ್ಲಗೊಡುವುದಿಲ್ಲ. ಹಾಡು ಮುಗಿಯುವವರೆಗೆ ನಿಂತು, ಬುತ್ತಿಯ ಗಂಟನ್ನು ಕಟ್ಟಿಕೊಂಡು, ನಾವು ಕಲ್ಲುಕುಟಿಗಳ ಪಕ್ಕದ ದಾರಿಯನ್ನು ಇಳಿಯತೊಡಗಿದೆವು.